ತೆರಕಣಾಂಬಿ ಹೋಬಳಿಯಲ್ಲಿ ನಾನು ಕಲಿತ ಟಗಲಾಗ್

೨೦೨೩ರಲ್ಲಿ ನಾನು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಹೋಬಳಿಯ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮಂಚ, ಒಂದು ತೂಕದ ಯಂತ್ರ, ಜೊತೆಗೆ ನಾಲ್ಕು ಹಳ್ಳಿಗಳ ಬಸುರಿ ಬಾಣಂತಿಯರ ಜವಾಬ್ದಾರಿ. ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಆ ವಯಸ್ಸಿನಲ್ಲಿ ನಾನು ಫಿಲಿಪ್ಪೀನ್ಸ್ ದೇಶದ ಟಗಲಾಗ್ ಭಾಷೆ ಕಲಿಯಲು ಕೂತೆ. ಈಗ ಹೇಳಿದರೆ ಮನೆಯವರು ನಗುತ್ತಾರೆ. ಆಗ ನನಗೆ ನಗು ಬಂದಿರಲಿಲ್ಲ.

ನನ್ನ ವ್ಯಾಪ್ತಿಯ ಹಳ್ಳಿಯೊಂದರ ಗೌರಮ್ಮಣ್ಣಿಯವರ ಮಗ ಶಿವಸ್ವಾಮಿ ದುಬೈನಲ್ಲಿ ಡ್ರೈವರ್. ಅಲ್ಲೇ ಮನೆಗೆಲಸಕ್ಕಿದ್ದ ಮರಿಸೆಲ್ ಎಂಬ ಫಿಲಿಪ್ಪೀನ್ಸ್ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಅವಳು ಐದು ತಿಂಗಳ ಬಸುರಿಯಾದಾಗ ಊರಿಗೆ ಕರೆತಂದು, ತಾಯಿಯ ಹತ್ತಿರ ಬಿಟ್ಟು, ಕೆಲಸಕ್ಕೆ ಮರಳಿದ. ಗೌರಮ್ಮಣ್ಣಿ ಸೊಸೆಯನ್ನು 'ಮರಿ, ಮರಿ' ಎನ್ನುತ್ತಾ ಅಂಗೈಯಲ್ಲಿಟ್ಟು ನೋಡಿಕೊಂಡರು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿದ್ದದ್ದು ಅವರ ಬಾಯಿಯ ಬಗ್ಗೆ. ಸೊಸೆಯನ್ನು ಏನೇ ಕೇಳಿದರೂ ಉತ್ತರ ಅತ್ತೆಯದೇ.

"ತಲೆನೋವು, ಕಣ್ಣು ಮಂಜಾಗೋದು ಏನಾದ್ರೂ ಇದೆಯಾ?"

"ಏನೂ ಇಲ್ಲ ಕಣ್ ನರ್ಸಮ್ಮ, ಚೆಂದಾಗವ್ಳೆ ಬುಡು."

"ಮಗು ಆಡ್ತಾ ಇದೆಯಾ?"

"ಆಡ್ತದೆ, ಆಡ್ತದೆ. ನಮ್ ಸ್ವಾಮಿ ಒಟ್ಟೇಲಿದ್ದಾಗ್ಲೂ ಇಂಗೇಯ."

ಹೊಟ್ಟೆ ಯಾರದಮ್ಮ ಎಂದು ಕೇಳಬೇಕೆನಿಸುತ್ತಿತ್ತು. ಮಗು ಆಡುತ್ತಿದೆಯಾ ಎಂಬ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ. ಬಿ.ಪಿ., ತೂಕ, ಹಿಮೋಗ್ಲೋಬಿನ್ ಇವನ್ನೆಲ್ಲ ಯಂತ್ರ ಹೇಳುತ್ತದೆ. ಒಳಗಿನ ಮಗು ನಿನ್ನೆಯಷ್ಟೇ ಇವತ್ತೂ ಅಲುಗಾಡುತ್ತಿದೆಯೇ ಎಂಬುದನ್ನು ತಾಯಿಯೇ ಹೇಳಬೇಕು. ಏಳು ತಿಂಗಳು ದಾಟಿದ ಮೇಲೆ ಅಲುಗಾಟ ಕಡಿಮೆಯಾಯಿತೆಂದರೆ ಒಳಗೇನೋ ತೊಂದರೆಯಿದೆ ಎಂದೇ ತಿಳಿದು ಆಸ್ಪತ್ರೆಗೆ ಕಳಿಸಬೇಕು.

ಗಂಡನಿಗೆ ವಿಡಿಯೊ ಕಾಲ್ ಮಾಡಿಸಿದೆ. ನಾನು ಕನ್ನಡದಲ್ಲಿ ಕೇಳುವುದು, ಅವನು ಅದನ್ನು ಅವಳಿಗೆ ಹೇಳುವುದು, ಅವಳು ಎರಡು ನಿಮಿಷ ಮಾತಾಡುವುದು, ಕೊನೆಗೆ ಅವನು "ಎಲ್ಲಾ ಓಕೆ ಅಂತೆ ಮೇಡಂ" ಎನ್ನುವುದು. ಎರಡು ನಿಮಿಷದ ಮಾತು ಅಷ್ಟಕ್ಕೇ ಇಳಿಯುತ್ತಿತ್ತು. ನಡುವೆ ನೆಟ್‌ವರ್ಕ್ ಬೇರೆ ಕೈಕೊಡುತ್ತಿತ್ತು. ಸರಿ, ನನ್ನ ಹರಕು ಇಂಗ್ಲಿಷ್‌ನಲ್ಲೇ "ಬೇಬಿ ಮೂವಿಂಗ್?" ಎಂದು ಕೇಳಿದೆ. "ಯೆಸ್ ಮೇಡಂ" ಎಂದಳು. "ಐರನ್ ಟ್ಯಾಬ್ಲೆಟ್ ಈಟಿಂಗ್?" "ಯೆಸ್ ಮೇಡಂ." ದಿಂಬಿನ ಪಕ್ಕದಲ್ಲಿ ಮಾತ್ರೆಯ ಹಾಳೆ ಒಂದೂ ಒಡೆಯದೆ ಬಿದ್ದಿತ್ತು. ಆ 'ಯೆಸ್ ಮೇಡಂ' ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಎಂ.ಬಿ.ಬಿ.ಎಸ್. ಓದಿದ್ದು ಫಿಲಿಪ್ಪೀನ್ಸ್‌ನಲ್ಲೇ. ದೇವರೇ ಕಳಿಸಿದ್ದಾನೆ ಎಂದುಕೊಂಡು ಓಡಿದೆ. "ಅಯ್ಯೋ ಸಿಸ್ಟರ್, ನಾನಿದ್ದ ಊರಿನ ಭಾಷೆಯೇ ಬೇರೆ, ಅದು ಟಗಲಾಗ್ ಅಲ್ಲ. ಅದರಲ್ಲೂ ಆಟೋದವನ ಹತ್ತಿರ 'ಎಷ್ಟು', 'ಇಲ್ಲೇ ನಿಲ್ಲಿಸಿ' ಬಿಟ್ಟರೆ ಏನೂ ಬರಲ್ಲ" ಎಂದರು. ಐದೂವರೆ ವರ್ಷ ಇದ್ದು ಕಲಿತದ್ದು ಎರಡು ಮಾತು! ಆಮೇಲೆ ಮೊಬೈಲಿನಲ್ಲಿ ಭಾಷೆ ಕಲಿಸುವ ಆ್ಯಪ್ ಹಾಕಿಸಿಕೊಂಡೆ. ಮೊದಲ ವಾರವಿಡೀ ಅದು ಕಲಿಸಿದ್ದು 'ಹುಡುಗ ಸೇಬು ತಿನ್ನುತ್ತಾನೆ.' ಬಸುರಿಯ ಮುಂದೆ ಕೂತು ಈ ವಾಕ್ಯ ಹೇಳಿ ನಾನೇನು ಸಾಧಿಸಲಿ?

ಕೊನೆಗೆ ಮರಿಸೆಲ್‌ಳನ್ನೇ ಮೇಷ್ಟ್ರು ಮಾಡಿಕೊಂಡೆ. ವಾರಕ್ಕೊಮ್ಮೆ ತಪಾಸಣೆ ಮುಗಿದ ಮೇಲೆ ಅರ್ಧ ಗಂಟೆ ಪಾಠ. ಮೊದಲ ದಿನ ಧೈರ್ಯ ಬಂತು. 'ಕುಮಾಇನ್ ಕಾ ನಾ ಬಾ?' ಎಂದರೆ 'ಊಟ ಆಯ್ತಾ?' ಅವರೂ ನಮ್ಮ ಹಾಗೆ ಎದುರಾದವರನ್ನು ಹೀಗೇ ಮಾತಾಡಿಸುತ್ತಾರಂತೆ. ಹಿರಿಯರೊಡನೆ ಮಾತಾಡುವಾಗ 'ಪೋ' ಸೇರಿಸಿದರೆ ಮರ್ಯಾದೆ. ಇಷ್ಟೇ ತಾನೆ ಎಂದುಕೊಂಡೆ. ಎರಡನೇ ವಾರ ವ್ಯಾಕರಣ ಶುರುವಾಯಿತು, ನನ್ನ ತಲೆ ಕೆಟ್ಟಿತು. ನಾವು ವಾಕ್ಯದ ಕೊನೆಯಲ್ಲಿಡುವ ಕ್ರಿಯಾಪದವನ್ನು ಅವರು ಮೊದಲಲ್ಲೇ ಇಡುತ್ತಾರೆ. ನಮ್ಮಲ್ಲಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ, ಅಲ್ಲಿ ಪದದ ಹೊಟ್ಟೆಯೊಳಗೇ ನುಗ್ಗುತ್ತದೆ. 'ಗಲಾವ್' ಎಂದರೆ ಅಲುಗಾಟ. 'ಗುಮಲಾವ್' ಎಂದರೆ ಅಲುಗಾಡಿತು, 'ಗುಮಗಲಾವ್' ಎಂದರೆ ಅಲುಗಾಡುತ್ತಿದೆ, 'ಗಗಲಾವ್' ಎಂದರೆ ಇನ್ನು ಮುಂದೆ ಅಲುಗಾಡುತ್ತದೆ. ನನ್ನ ಬಾಯಲ್ಲಿ ಮೂರೂ ಕಲಸುಮೇಲೋಗರವಾಗುತ್ತಿದ್ದವು. ಮರಿಸೆಲ್ ತಲೆ ಚಚ್ಚಿಕೊಂಡು "ಹಿಂದೀ, ಹಿಂದೀ!" ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಹಾಗೆಂದರೆ 'ಅಲ್ಲ', 'ಇಲ್ಲ'. ಗೌರಮ್ಮಣ್ಣಿ ಬಾಗಿಲಲ್ಲಿ ನಿಂತು, "ನೋಡ್ರವ್ವ, ನರ್ಸಮ್ಮಂಗೇ ಪಾಠ ಯೋಳ್ತಾವ್ಳೆ ನಮ್ ಮರಿ" ಎಂದು ಬೀದಿಗೆಲ್ಲ ಸಾರಿದರು.

ಮೂವತ್ತಾರನೇ ವಾರದ ತಪಾಸಣೆ ಒಂದು ಗುರುವಾರ ಬಂತು. ಬಿ.ಪಿ. ೧೨೪/೮೦. ಮಗುವಿನ ಎದೆಬಡಿತ ನಿಮಿಷಕ್ಕೆ ೧೨೨. ಅದು ೧೧೦ರಿಂದ ೧೬೦ರ ಒಳಗಿದ್ದರೆ ಸರಿ. "ಬೇಬಿ ಮೂವಿಂಗ್?" "ಯೆಸ್ ಮೇಡಂ." ತಾಯಿ ಕಾರ್ಡಿನಲ್ಲಿ 'ಚಲನೆ: ಇದೆ' ಎಂದು ಬರೆದೆ. ಪೆನ್ನು ಮುಚ್ಚಿ ಪಾಠಕ್ಕೆ ಕೂತೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ನಿಧಾನವಾಗಿ ಕೇಳಿದೆ: "ಗುಮಗಲಾವ್ ಬಾ ಅಂಗ್ ಬೇಬಿ?" ಮಗು ಅಲುಗಾಡುತ್ತಿದೆಯಾ?

ಅವಳು ತಿದ್ದಲಿಲ್ಲ. ನನ್ನ ಮುಖವನ್ನೇ ನೋಡಿದಳು. "ಹಿಂದೀ ಪೋ" ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟು, "ಕಹಾಪೋನ್ ಪಾ" ಎಂದು ಅಳತೊಡಗಿದಳು. ಆಮೇಲೆ ಬಂದ ಮಾತಿನ ಪ್ರವಾಹದಲ್ಲಿ ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ 'ಕಹಾಪೋನ್' ಎಂದರೆ ನಿನ್ನೆ ಎಂಬುದು ಮೂರನೇ ಪಾಠದಲ್ಲೇ ಬಂದಿತ್ತು. ನಿನ್ನೆಯಿಂದ ಮಗು ಆಡುತ್ತಿಲ್ಲ. ಐದು ನಿಮಿಷದ ಹಿಂದೆ 'ಇದೆ' ಎಂದು ಬರೆದ ನನ್ನ ಅಕ್ಷರ ಕಾರ್ಡಿನಲ್ಲಿ ಹಸಿಯಾಗಿತ್ತು. ಅದನ್ನು ಹೊಡೆದುಹಾಕಿ ಆಂಬುಲೆನ್ಸ್‌ಗೆ ಫೋನ್ ಮಾಡಿದೆ.

೧೦೮ ಆಂಬುಲೆನ್ಸ್‌ನಲ್ಲಿ ಚಾಮರಾಜನಗರಕ್ಕೆ ಮುಕ್ಕಾಲು ಗಂಟೆ. ಗೌರಮ್ಮಣ್ಣಿ ದಾರಿಯುದ್ದಕ್ಕೂ "ನನ್ಗೊಂದ್ ಮಾತ್ ಯೋಳ್ಬಾರ್ದಾಗಿತ್ತಾ ಮರಿ" ಎಂದು ಅವಳ ಕೈ ಹಿಡಿದು ಅಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಆಗಷ್ಟೇ ನಾನೂ ಕೇಳಿದ್ದೆನಲ್ಲ, ಯೆಸ್ ಅಂದೆಯಲ್ಲ ಎಂದು ಇಂಗ್ಲಿಷ್‌ನಲ್ಲಿ ರೇಗಿದೆ. ಅವಳು ಇಂಗ್ಲಿಷ್‌ನಲ್ಲೇ ಉತ್ತರಿಸಿದಳು:

"ಆರು ವರ್ಷ ಬೇರೆಯವರ ಮನೆಯಲ್ಲಿ ಕೆಲಸ ಮಾಡಿದೆ. ಇಂಗ್ಲಿಷ್‌ನಲ್ಲಿ ಮೇಡಂ ಏನು ಕೇಳಿದರೂ ನಾನು ಯೆಸ್ ಅನ್ನಬೇಕಿತ್ತು."



ಸ್ಕ್ಯಾನಿಂಗ್‌ನಲ್ಲಿ ಮಗುವಿನ ಸುತ್ತಲ ನೀರು ತೀರಾ ಕಡಿಮೆಯಾಗಿರುವುದು ಕಂಡಿತು. ಅದೇ ಸಂಜೆ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, ಎರಡು ಕೆ.ಜಿ. ನೂರು ಗ್ರಾಂ. ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೆಂದು ಹೇಳಲಾಗದು ಎಂದರು ಡಾಕ್ಟರು. ಎಲ್ಲರೂ ನನ್ನನ್ನು ಹೊಗಳಿದರು. ಒಳಗೊಳಗೇ ನನಗೂ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ.

ಆ ಹೆಮ್ಮೆ ಒಂದು ವಾರ ಬಾಳಿತು. ಮುಂದಿನ ಗುರುವಾರ ಪಕ್ಕದ ಹಳ್ಳಿಯಲ್ಲಿ ಹತ್ತೊಂಬತ್ತು ವರ್ಷದ ಚೊಚ್ಚಲ ಬಸುರಿಯ ತಪಾಸಣೆಗೆ ಹೋಗಿದ್ದೆ. ಏಳು ತಿಂಗಳು ತುಂಬಿತ್ತು. "ಮಗು ಆಡ್ತಾ ಇದೆಯೇನವ್ವ?" ಎಂದೆ. ಅವಳು ಅತ್ತೆಯ ಮುಖ ನೋಡಿ "ಊಂ ಮೇಡಂ" ಎಂದಳು. ಬರೆಯಲು ಹೊರಟ ಕೈ ನಿಂತಿತು. ಹಿಂದಿನ ಎರಡು ತಪಾಸಣೆಯಲ್ಲೂ ಇದೇ ಉತ್ತರ ಬರೆದುಕೊಂಡಿದ್ದೆ. ಅತ್ತೆಗೆ ಕಾಫಿ ಮಾಡಲು ಹೇಳಿ ಒಳಗೆ ಕಳಿಸಿದೆ, ಕುರ್ಚಿ ಬಿಟ್ಟು ಅವಳ ಪಕ್ಕ ಚಾಪೆಯ ಮೇಲೆ ಕೂತು ಮತ್ತೆ ಕೇಳಿದೆ.

ಅವಳು ತಲೆ ತಗ್ಗಿಸಿ ಪಿಸುಗುಟ್ಟಿದಳು: "ಮಗ ಆಡೋದು ಅಂದ್ರೆ ಎಂಗಿರ್ತದೆ ನರ್ಸಮ್ಮ?"

ಮೂವತ್ತೊಂದು ವರ್ಷ ನಾನು ಈ ಪ್ರಶ್ನೆಯನ್ನು ನಿಂತುಕೊಂಡು, ಪೆನ್ನು ಹಿಡಿದುಕೊಂಡು, ಅತ್ತೆಯರ ಮುಂದೆ ಕೇಳಿದ್ದೆ. ಎಷ್ಟು ಜನ ಹೀಗೆ ಏನೆಂದು ತಿಳಿಯದೆಯೇ 'ಊಂ' ಅಂದಿದ್ದರೋ, ನಾನು ಎಷ್ಟು ಸಲ 'ಇದೆ' ಎಂದು ಬರೆದಿದ್ದೆನೋ. ಭಾಷೆ ಬಂದ ಮಾತ್ರಕ್ಕೆ ಎದುರಿನವರು ನಿಜ ಹೇಳುವುದಿಲ್ಲ, 'ಇಲ್ಲ' ಅನ್ನಲು ಅವರಿಗೆ ಜಾಗ ಮಾಡಿಕೊಡಬೇಕು ಎಂಬುದು ನನಗೆ ತಿಳಿಯಲು ಒಬ್ಬ ಪರದೇಶದ ಹುಡುಗಿ ಬರಬೇಕಾಯಿತು. ಆವತ್ತು ಆ ಚೊಚ್ಚಲ ಬಸುರಿಯ ಕೈಯನ್ನು ಅವಳ ಹೊಟ್ಟೆಯ ಮೇಲಿರಿಸಿ, ಅದರ ಮೇಲೆ ನನ್ನ ಕೈಯಿಟ್ಟು, ಇಬ್ಬರೂ ಕಾದು ಕೂತೆವು.