ಕೆಂಪು ವೈರಿನ ಬೆಸುಗೆ

ಹಾಲಹರವಿಯ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ, ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳನ್ನು ರಿಪೇರಿ ಮಾಡುವಾಕೆ ಮಂಗಳಾ. ಆದೋನಿಯ ಟಿ.ವಿ. ಅಂಗಡಿಯೊಂದಕ್ಕೆ ಕಸ ಗುಡಿಸಲು ಹೋಗಿ, ನೋಡಿ ನೋಡಿಯೇ ಬೆಸುಗೆ ಕಲಿತವಳು. ಪಂಪಿನೊಳಗಿನ ಸರ್ಕ್ಯೂಟ್ ಬೋರ್ಡಿಗೆ ವೈರು ಹಚ್ಚುವಾಗ ಬೆಸುಗೆಯ ಸೀಸವನ್ನು ಕೈ ಬಿಗಿಹಿಡಿಯದೆ ಸುರಿಯುತ್ತಿದ್ದಳು. ಗಟ್ಟಿಯಾಗಿರಲಿ ಎಂಬ ಹಟ.

ಈ ಸಲ ಹತ್ತಿ ಹೂವಾಗುವ ಹೊತ್ತಿಗೆ ರೈತ ಪೆದ್ದಣ್ಣ ಒಂದೇ ಪಂಪನ್ನು ಮೂರನೇ ಬಾರಿ ತಂದು ಅವಳ ಮುಂದೆ ಕುಕ್ಕಿದ. ಅದೇ ಕೆಂಪು ವೈರು, ಅದೇ ಜಾಗದಲ್ಲಿ ತುಂಡು.

"ಏನವ್ವಾ, ನಾ ತಿರುಗಿ ತಿರುಗಿ ಬರ್ಲಿ ಅಂತ ಬೇಕಂತನ ಸಡ್ಲ ಹಚ್ತೀಯೇನು?"

ಮಂಗಳಾಗೆ ಮೈ ಉರಿಯಿತು. ಅವಳ ಅನುಮಾನ ಪಕ್ಕದ ಅಂಗಡಿಯ ಲಕ್ಷ್ಮಿಕಾಂತನ ಮೇಲೆ ಬಿತ್ತು. ಅವನು ಹೊಸ ಪಂಪು ಮಾರುವವನು. ಪೆದ್ದಣ್ಣ ರಿಪೇರಿಯಾದ ಪಂಪನ್ನು ಅವನ ಅಂಗಡಿಯಲ್ಲಿಟ್ಟೇ ಚಹಾ ಕುಡಿಯಲು ಹೋಗುತ್ತಿದ್ದ. ಮುಚ್ಚಳ ಬಿಚ್ಚಿ ವೈರನ್ನು ಅರ್ಧ ಚಿವುಟಿಡಲು ಅಷ್ಟು ಹೊತ್ತು ಸಾಲದೇ? ಅವನು ನಕ್ಕರೂ ಅವಳಿಗೆ ಸಂಶಯ, ನಗದಿದ್ದರೂ ಸಂಶಯ. "ಆ ಅಂಗಡ್ಯಾಗ ಪಂಪು ಇಡಬ್ಯಾಡ್ರಿ" ಎಂದು ಬಂದವರಿಗೆಲ್ಲ ಹೇಳತೊಡಗಿದಳು.

ಈ ಸಲ ವೈರು ಹಚ್ಚಿದ ಮೇಲೆ ಮುಚ್ಚಳದ ಸ್ಕ್ರೂಗಳಿಗೆ ಉಗುರುಬಣ್ಣ ಬಳಿದಳು. ಯಾರು ಬಿಚ್ಚಿದರೂ ಬಣ್ಣ ಒಡೆಯಲೇಬೇಕು.

ಒಂಬತ್ತನೇ ದಿನಕ್ಕೆ ಪೆದ್ದಣ್ಣ ಪಂಪು ಹೊತ್ತು ಮರಳಿದ. ಬಣ್ಣ ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಒಳಗೆ ವೈರು ಮಾತ್ರ ತುಂಡಾಗಿತ್ತು.

ಭೂತಗನ್ನಡಿ ಹಿಡಿದು ನೋಡಿದಳು. ಧಾರಾಳವಾಗಿ ಸುರಿದ ಸೀಸ ವೈರಿನ ಪ್ಲಾಸ್ಟಿಕ್ ಸಿಪ್ಪೆಯೊಳಕ್ಕೂ ಏರಿ, ತಾಮ್ರದ ಎಳೆಗಳನ್ನೆಲ್ಲ ಒಂದೇ ಸೂಜಿಯಂತೆ ಬಿಗಿದಿತ್ತು. ಬೆನ್ನ ಮೇಲಿನ ಪಂಪು ಕುಲುಕಿದಂತೆಲ್ಲ ವೈರು ಆ ಸೂಜಿ ಮುಗಿಯುವಲ್ಲೇ ಬಾಗಿ ಬಾಗಿ ಮುರಿದಿತ್ತು.

"ಅಣ್ಣಾ, ಯಾರೂ ಕಿತ್ತಿಲ್ಲ. ತಪ್ಪು ನಂದ ಐತಿ."

"ಈಗ್ಯಾಕ ಒಪ್ಕೊಂತಿ? ಇದ್ರಾಗ ಇನ್ನೇನು ಆಟ ಐತಿ?" ಪೆದ್ದಣ್ಣ ಸ್ಟೂಲು ಎಳೆದುಕೊಂಡು ಅವಳ ಕೈಯನ್ನೇ ದಿಟ್ಟಿಸುತ್ತ ಕೂತ.

ಮಂಗಳಾ ವೈರಿನ ತುದಿ ಕೆರೆದು ಸ್ವಚ್ಛ ಮಾಡಿದಳು. ಬೋರ್ಡಿನ ಅಂಚಿನ ತೂತಿನಲ್ಲಿ ವೈರನ್ನು ಇಳಿಸಿ, ಪಕ್ಕದ ತೂತಿನಿಂದ ಮೇಲೆ ತಂದಳು. ಎಳೆತ ಬೋರ್ಡಿನ ಮೇಲೆ ಬೀಳಲಿ, ಬೆಸುಗೆಯ ಮೇಲೆ ಬೇಡ ಎಂದು. ಸೀಸ ಸ್ವಲ್ಪವೇ ಇಟ್ಟು, ಅದು ಕರಗಿ ಹರಡಿದ ಕೂಡಲೇ ಬೆಸುಗೆಯ ಕಾದ ಸಲಾಕೆ ತೆಗೆದಳು. ವೈರು ಬಿಗಿಯದಂತೆ ತುಸು ಸಡಿಲ ಬಿಟ್ಟು, ಬುಡಕ್ಕೆ ಬಿಸಿ ಅಂಟು ಹಾಕಿದಳು. "ಜಗ್ಗ್ರಿ" ಎಂದಳು. ಪೆದ್ದಣ್ಣ ಎರಡು ಸಲ ಜಗ್ಗಿ ನೋಡಿದ.

ಅವನು ಹೋದ ಮೇಲೆ ಲಕ್ಷ್ಮಿಕಾಂತನ ಅಂಗಡಿಗೆ ಹೋಗಿ, ತಾನು ಊರಿಗೆಲ್ಲ ಹೇಳಿದ್ದನ್ನು ತಲೆ ತಗ್ಗಿಸಿ ಒಪ್ಪಿಕೊಂಡಳು.

"ಗೊತ್ತಿತ್ತವ್ವ," ಎಂದ ಆತ. "ಅದಕ್ಕ ನಾನೂ, ಆಕಿ ಬೇಕಂತನ ಕೆಡಸ್ತಾಳ ಅಂತ ಹೇಳ್ಕೊಂತ ಬಂದೀನಿ."

ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ ಇಬ್ಬರೂ ತಮ್ಮ ಮಾತು ತಾವೇ ತಿದ್ದಿ ಹೇಳಬೇಕಾಯಿತು.

ಹತ್ತಿ ಬಿಡಿಸುವ ಕಾಲಕ್ಕೂ ಆ ಪಂಪು ಮರಳಲಿಲ್ಲ. ಪೆದ್ದಣ್ಣ ಬೇರೆ ಕಡೆ ರಿಪೇರಿಗೆ ಕೊಟ್ಟನೇನೋ ಎಂದು ಮಂಗಳಾಗೆ ಒಳಗೊಳಗೇ ಗುಮಾನಿ. ಸಂತೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟಳು.

"ನಡದೈತಿ," ಎಂದ ಪೆದ್ದಣ್ಣ. "ಆದ್ರೂ ದಿನಾ ಬಿಚ್ಚಿ ನೋಡ್ತೀನಿ."