ಮೂವತ್ತೇಳನೆಯ ಮೆಟ್ಟಿಲು

ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದವರು ಅವರು. ಯಾರಿಗೂ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲಿ ನಕ್ಷೆ ಮೇಷ್ಟ್ರು. ಗೆರೆ ಎಂದರೆ ಗೆರೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮನುಷ್ಯ ಮಾತ್ರ ಒಳಗೊಳಗೇ ಕುದಿಯುತ್ತಿದ್ದರು. ಕಾರಣ, ಹೆಂಡತಿಯ ತಮ್ಮ.

ಆತ ಅದೇ ಕಚೇರಿಯ ಅಳತೆಗಾರ. ಟೇಪು ಹಿಡಿದು ಬೆಟ್ಟದ ತುದಿಯ ಬೌದ್ಧ ದೇವಾಲಯಕ್ಕೆ ಹತ್ತುವವನು ಅವನು. ಅವನು ತಂದ ಅಂಕಿಗಳನ್ನು ಕಾಗದಕ್ಕಿಳಿಸುತ್ತ ಕತ್ತು ನೋಯಿಸಿಕೊಳ್ಳುವವರು ಇವರು. ಮನೆಗೆ ಬಂದರೆ ಮಕ್ಕಳೆಲ್ಲ ಮಾಮನ ಸುತ್ತ. ಹಿಮದಲ್ಲಿ ಹೇಸರಗತ್ತೆ ಜಾರಿದ್ದು, ಸಾವಿರ ವರ್ಷದ ಬುದ್ಧನ ಮುಖಕ್ಕೆ ಬೆಳಗಿನ ಬಿಸಿಲು ಬಿದ್ದದ್ದು, ಒಂದೇ ಎರಡೇ! "ನನ್ನ ತಮ್ಮ ಅಂದ್ರೆ ಏನು ಅನ್ಕೊಂಡ್ರಿ?" ಎನ್ನುತ್ತ ಹೆಂಡತಿ ಅವನಿಗೇ ಎರಡನೇ ಸಲ ಬಡಿಸುವಳು. ಅದೇ ಬುದ್ಧನ ಮೂಗನ್ನು ಮೂರು ದಿನ ಕೂತು ಬರೆದ ಗಂಡನನ್ನು ಕೇಳುವವರಿಲ್ಲ. ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿತ್ತು.

ನಿವೃತ್ತಿಗೆ ಒಂದು ತಿಂಗಳಿರುವಾಗ, ಮಂಡಿನೋವನ್ನೂ ಲೆಕ್ಕಿಸದೆ, ಭಾವಮೈದನ ಜೊತೆ ತಾವೂ ಹೊರಟರು. ದರ್ಶನಕ್ಕೆಂದು ಎಲ್ಲರಿಗೂ ಹೇಳಿದರು. ಮನಸ್ಸಿನಲ್ಲಿದ್ದದ್ದು ಒಂದೇ: ಇವನ ಅಳತೆಯಲ್ಲಿ ಒಂದಾದರೂ ತಪ್ಪು ಹಿಡಿಯಬೇಕು, ಎಲ್ಲರೂ ಊಟಕ್ಕೆ ಕೂತಾಗ ಅದನ್ನು ಹೇಳಬೇಕು.

ಸಿಕ್ಕೇಬಿಟ್ಟಿತು. ಹೆಬ್ಬಾಗಿಲಿನಿಂದ ಗುಡಿಗೆ ಮೂವತ್ತೇಳು ಮೆಟ್ಟಿಲು ಎಂದಿತ್ತು ನಕ್ಷೆಯಲ್ಲಿ. ಏದುಸಿರು ಬಿಡುತ್ತ ಎಣಿಸಿದರೆ ಮೂವತ್ತಾರು. ಎದುರುಗೊಳ್ಳಲು ಬಂದ ವೃದ್ಧ ಭಿಕ್ಷುವಿನ ಮುಂದೆಯೇ ಗುಡುಗಿದರು: "ಏನಯ್ಯಾ, ಮೆಟ್ಟಿಲು ಎಣಿಸೋಕ್ಕೂ ಬರಲ್ವಾ ನಿಂಗೆ?"

"ಹೌದು ಭಾವ, ಒಂದು ಹೆಚ್ಚಾಗಿದೆ," ಎಂದ ಅವನು, ತಣ್ಣಗೆ.

ಭಿಕ್ಷು ನಕ್ಕರು. "ಇದು ಹಳೇ ಕಥೆ. ನಕ್ಷೆ ನೋಡ್ಕೊಂಡು ಬಂದವರೆಲ್ಲ ಆ ಒಂದು ಮೆಟ್ಟಿಲು ಹುಡುಕ್ತಾರೆ. ತಪ್ಪು ನಂದೇ ಅಂತ ಅಳತೆ ತಗೊಂಡ ಇವರು ಆವಾಗ್ಲೇ ಒಪ್ಕೊಂಡಿದ್ದಾರೆ."

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನು ನೀರು ತರಲು ಹೋದಾಗ, ತಪ್ಪನ್ನು ಕಣ್ಣಾರೆ ಸವಿಯೋಣವೆಂದು ಅವನ ಚೀಲಕ್ಕೆ ಕೈ ಹಾಕಿದರು. ಗೋಡೆಯ ಬಿರುಕುಗಳನ್ನು ಹೋಲಿಸಲು ಅವನು ಹಳೆಯ ಅಳತೆ ಪುಸ್ತಕ ತಂದಿದ್ದ. ಅದರಲ್ಲಿ ಮೂವತ್ತಾರು ಎಂದೇ ಇತ್ತು. ನಕ್ಷೆಯಲ್ಲಿ ಮೆಟ್ಟಿಲಿನ ಎರಡೂ ಅಂಚಿಗೆ ಗೆರೆ ಬರುತ್ತದೆ. ಒಂದರ ಕೊನೆಯ ಗೆರೆಯೇ ಮುಂದಿನದರ ಮೊದಲ ಗೆರೆ; ಹಾಗಾಗಿ ಮೂವತ್ತಾರು ಮೆಟ್ಟಿಲಿಗೆ ಮೂವತ್ತೇಳು ಗೆರೆ. ಸಂಖ್ಯೆ ಬರೆಯುವಾಗ ಮೇಷ್ಟ್ರು ಮೆಟ್ಟಿಲು ಬಿಟ್ಟು ಗೆರೆ ಎಣಿಸಿದ್ದರು.

ನೀರು ಹಿಡಿದು ಬಂದವನು ಅವರ ಕೈಯಲ್ಲಿದ್ದ ಪುಸ್ತಕ ನೋಡಿದ. "ಆ ನಕ್ಷೆ ಬರೆದ ವರ್ಷ ನಿಮ್ಮ ಬಡ್ತಿ ಇತ್ತಲ್ಲ ಭಾವ. ಅಕ್ಕ ಎಷ್ಟು ಆಸೆ ಇಟ್ಕೊಂಡಿದ್ಲು. ಮೇಲಿನವರು ಕೇಳಿದಾಗ ನಂದೇ ಅಂದ್ಬಿಟ್ಟೆ."

ಬೈದಿದ್ದರೆ, ಹಂಗಿಸಿದ್ದರೆ ತಡೆದುಕೊಳ್ಳಬಹುದಿತ್ತು. ಈ ದೊಡ್ಡತನವನ್ನು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಇದರಲ್ಲೂ ಅವನೇ ಮೇಲೆ! ಇದೊಂದನ್ನಾದರೂ ಅವನಿಂದ ಕಿತ್ತುಕೊಳ್ಳಬೇಕೆಂದು ನೇರ ಭಿಕ್ಷುವಿನ ಬಳಿ ಹೋಗಿ, "ಸ್ವಾಮಿ, ಆ ತಪ್ಪು ಇವನದಲ್ಲ, ನಂದು," ಎಂದರು.

ಭಿಕ್ಷು ಮೇಷ್ಟ್ರನ್ನು ದಾಟಿ ಹೋಗಿ ಭಾವಮೈದನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ವರ್ಷ ಬೇರೆಯವರ ತಪ್ಪು ಹೊತ್ಕೊಂಡು ಈ ಬೆಟ್ಟ ಹತ್ತಿದ್ರಾ ನೀವು!"