ರಫ್ ಬುಕ್ಕಿನ ಹಾಳೆ

ಮುಂಬಯಿಯ ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನ ಮಗಳು ಮಲಗಿದ್ದ ವಾರ್ಡಿಗೆ ಬೆಳಗಿನ ಹನ್ನೊಂದರಿಂದ ಒಂದು ಗಂಟೆಯ ತನಕ ನಮ್ಮನ್ನು ಬಿಡುತ್ತಿರಲಿಲ್ಲ. ಡಾಕ್ಟರ ರೌಂಡ್ಸ್, ಡ್ರೆಸ್ಸಿಂಗ್, ಸ್ಪಂಜಿಂಗ್. ಆ ಎರಡು ಗಂಟೆ ಎಲ್ಲಿ ಕೂರಬೇಕು ಎಂಬುದೇ ನನಗೆ ದೊಡ್ಡ ಪ್ರಾಬ್ಲೆಮ್. ಕ್ಯಾಂಟೀನಿಗೆ ಹೋದರೆ ಎದುರಿಗೆ ಕೂತವರು ಯಾರಿಗೆ, ಯಾವ ಸ್ಟೇಜ್ ಎಂದು ಕೇಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಒಂದು ಮಂಗಳವಾರ ಎರಡನೇ ಮಹಡಿಯ ಡಯಟಿಷಿಯನ್ ರೂಮಿಗೆ ಹೋದೆ. ಪೇಶೆಂಟುಗಳ ಮನೆಯವರಿಗಾಗಿ ಅಲ್ಲಿ ಬರೆಯುವ ಕ್ಲಾಸು ನಡೆಯುತ್ತದೆ, ಕವಿತೆಯಿಂದ ಮನಸ್ಸು ಹಗುರಾಗುತ್ತದೆ ಎಂದು ಲಿಫ್ಟಿನ ಪಕ್ಕ ಕಾಗದ ಅಂಟಿಸಿದ್ದರು. ನನಗೆ ನಂಬಿಕೆಯೇನೂ ಇರಲಿಲ್ಲ. ಫ್ಯಾನ್ ಇತ್ತು, ಕುರ್ಚಿ ಇತ್ತು, ಅಷ್ಟು ಸಾಕಾಗಿತ್ತು.

ಕ್ಲಾಸು ನಡೆಸುವ ಕೌನ್ಸೆಲರ್ ಮರಾಠಿ ಹುಡುಗಿ, ನನ್ನ ಮಗಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಹತ್ತು ನಿಮಿಷ ಪೆನ್ನು ಎತ್ತಬಾರದು, ಹೊಡೆದುಹಾಕಬಾರದು, ತಿದ್ದಬಾರದು. ಉಸಿರು ಮುಗಿದಲ್ಲಿ ಸಾಲು ಮುಗಿಸಿ ಮುಂದಿನ ಸಾಲಿಗೆ ಇಳಿಯಬೇಕು. ಅವಳ ರೂಲ್ಸ್ ಇಷ್ಟೇ. ಹಿಂದಿಯಲ್ಲಿ ಹೇಳಿದಳು, ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದಳು. ನಾನು ಇಂಗ್ಲಿಷಿನಲ್ಲಿ ಬರೆದೆ. ಹೋಪ್ ಬಗ್ಗೆ, ಬೆಳಕಿನ ಬಗ್ಗೆ, ಗಾಡ್ಸ್ ವಿಲ್ ಬಗ್ಗೆ. ಮನೆಗೆ ಹೋಗಿ ಅದನ್ನೇ ಬಿಳಿ ಕಾಗದಕ್ಕೆ ಇಳಿಸಿ, ರಫ್ ಹಾಳೆ ಹರಿದುಹಾಕಿದೆ. ಮರುವಾರ ಆ ಹುಡುಗಿ ಓದಿ, ಬ್ಯೂಟಿಫುಲ್ ಹ್ಯಾಂಡ್‌ರೈಟಿಂಗ್, ಆಂಟಿ ಎಂದಳು. ಬೇರೆ ಹೇಳುವುದಕ್ಕೆ ಅದರಲ್ಲಿ ಏನಿತ್ತು?

ಅದು ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಕಲಿತ ಚಟ. ಬೋರ್ಡಿಂಗಿನಲ್ಲಿ ಪ್ರತಿ ರವಿವಾರ ಮನೆಗೆ ಕಾಗದ ಬರೆಯಬೇಕಿತ್ತು. ಮೊದಲು ರಫ್ ಬುಕ್ಕಿನಲ್ಲಿ ಬರೆಯುವುದು, ಸಿಸ್ಟರ್ ಕೆಂಪು ಪೆನ್ಸಿಲಿನಲ್ಲಿ ತಿದ್ದುವುದು, ಆಮೇಲೆ ಫೇರ್ ಕಾಪಿ. ಮೊದಲನೇ ಸಾಲು ಎಲ್ಲ ಹುಡುಗಿಯರದ್ದೂ ಒಂದೇ: ಐ ಆ್ಯಮ್ ಕ್ವೈಟ್ ವೆಲ್ ಆ್ಯಂಡ್ ಹ್ಯಾಪಿ ಹಿಯರ್. ಒಂದು ಸಲ ಹದಿನೈದು ದಿನ ಟೈಫಾಯ್ಡ್ ಆಗಿ ಸಿಕ್ ರೂಮಿನಲ್ಲಿ ಮಲಗಿದ್ದಾಗಲೂ ಅದನ್ನೇ ಬರೆದೆ. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಾಕಾ ಓದಿ ಹೇಳುತ್ತಿದ್ದರು. ಮಗಳು ಆರಾಮ ಇದ್ದಾಳೆಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳಂತೆ.

ಮದುವೆಯಾಗಿ ಮುಂಬಯಿಗೆ ಬಂದ ಮೇಲೂ ನಾನು ಬದಲಾಗಲಿಲ್ಲ. ಮಗಳ ಜೊತೆ ಕನ್ನಡ ಆಡಿದ್ದು ಅಷ್ಟಕ್ಕಷ್ಟೇ. ಅವಳಿಗೆ ಕೇಳಿದರೆ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದಳು, ಓದಲು ಬರುತ್ತಲೇ ಇರಲಿಲ್ಲ. ಅವಳ ಟಿಫಿನ್ ಡಬ್ಬಿಯಲ್ಲಿ ದಿನಾ ಒಂದು ಚೀಟಿ ಇಡುತ್ತಿದ್ದೆ. ಬಿ ಬ್ರೇವ್. ಲವ್, ಮಮ್ಮಿ. ಪರೀಕ್ಷೆ ಇದ್ದರೂ ಅದೇ, ಅವಳ ಅಪ್ಪ ತೀರಿಕೊಂಡ ಮರುವಾರ ಸ್ಕೂಲಿಗೆ ಹೊರಟಾಗಲೂ ಅದೇ.

ಆಸ್ಪತ್ರೆ ಸೇರಿದಾಗ ಅವಳಿಗೆ ನಲವತ್ತಾರು. ಮದುವೆ ಬೇಡ ಅಂದವಳು. ಫೋರ್ಟಿನಲ್ಲಿ ನೌಕರಿ, ಮಲಾಡಿನ ಮನೆಯಲ್ಲಿ ನಾವಿಬ್ಬರೇ. ಎರಡು ತರಹದ ಕೀಮೋ ಮುಗಿದಿತ್ತು. ಮೂರನೆಯದು ಹಿಡಿಯಬಹುದು, ಹಿಡಿಯದೆಯೂ ಇರಬಹುದು, ಡಿಸಿಷನ್ ನಿಮ್ಮದು ಎಂದಿದ್ದರು ಡಾಕ್ಟರು. ಅದರದ್ದೂ ಒಂದು ಸುತ್ತು ಆಗಿತ್ತು. ಆಮೇಲೆ ಅವಳ ಹೊಟ್ಟೆಯಲ್ಲಿ ನೀರು ಕೂಡ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಗೋಡೆಯ ಕಡೆಗೆ ಹೊರಳಿಕೊಂಡೇ, ಮಮ್ಮಿ, ಮನಿಗೆ ಹೋಗೂಣು ಎಂದಳು. ಕನ್ನಡದಲ್ಲಿ ಹೇಳಿದಳು. ನಾನು ಚಾದರ ಸರಿಮಾಡುತ್ತ, ಡೋಂಟ್ ಬಿ ಸಿಲ್ಲಿ, ಗುರುವಾರ ನೆಕ್ಸ್ಟ್ ಸೈಕಲ್ ಇದೆ ಎಂದೆ. ಕನ್ಸೆಂಟ್ ಫಾರ್ಮಿಗೆ ಪ್ರತಿ ಸಲ ಅವಳೇ ಸಹಿ ಹಾಕುತ್ತಿದ್ದಳು, ನಿಜ. ಪೆನ್ನು ಬಿಚ್ಚಿ ಬೆರಳ ನಡುವೆ ಇಡುತ್ತಿದ್ದವಳು ನಾನು.

ಅದಾದ ಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಸಿಟ್ಟಿನಿಂದಲ್ಲ. ಹೇಳಿ ಉಪಯೋಗವಿಲ್ಲ ಎಂದು ಗೊತ್ತಾದವರು ಸುಮ್ಮನಾಗುತ್ತಾರಲ್ಲ, ಹಾಗೆ.

ಗುರುವಾರಕ್ಕೆ ಎರಡು ದಿನ ಇರುವಾಗ ಕ್ಲಾಸಿಗೆ ಹೊಸಬಳೊಬ್ಬಳು ಬಂದಳು. ವಿಜಯಪುರ ಕಡೆಯವಳು, ಬಿಲ್ಡಿಂಗ್ ಕೆಲಸಕ್ಕೆ ಗಂಡನ ಜೊತೆ ಬಂದವಳು. ಗಂಡನಿಗೆ ಗಂಟಲಿನಲ್ಲಿ ರೋಗ, ಕೊಳವೆ ಹಾಕಿ ಮಾತು ನಿಂತಿತ್ತು. ಅವಳಿಗೆ ಬರೆಯಲು ಬರುವುದಿಲ್ಲ. ಆಂಟಿ, ಅವರು ಹೇಳಿದ್ದನ್ನು ನೀವು ಬರೆದುಕೊಡಿ ಎಂದು ಕೌನ್ಸೆಲರ್ ನನ್ನನ್ನು ಅವಳ ಪಕ್ಕಕ್ಕೆ ಕೂರಿಸಿದಳು. ನಿಮಗೆ ಯಾರು ಎಂದು ಅವಳು ಕೇಳಿದಳು, ಮಗಳು ಎಂದೆ. ಎಷ್ಟೋ ವರ್ಷಗಳ ಮೇಲೆ ನಾನು ಕನ್ನಡ ಅಕ್ಷರ ಬರೆದದ್ದು. ಒತ್ತಕ್ಷರಗಳಿಗೆ ತಡೆದು ತಡೆದು ಬರೆಯುತ್ತಿದ್ದೆ. ಅವಳು ಕಾಯಲಿಲ್ಲ.

“ಬರೀರಿ ಅಮ್ಮಾರ. ಅಂವನ ಮ್ಯಾಲ ನನಗ ಸಿಟ್ಟ ಐತಿ. ಗುಟ್ಕಾ ಬಿಡು ಅಂತ ಕಾಲ ಹಿಡದೇನಿ, ಬಿಡಲಿಲ್ಲ. ಹೋಗಾಂವ ಲಗೂನ ಹೋಗವಲ್ಲ ಅಂತ ಒಮ್ಮೊಮ್ಮೆ ಅನಸ್ತೈತಿ. ಮತ್ತ ಸಂಡಾಸಕ್ಕ ಎದ್ದಾಗ ನನ್ನ ಹೆಗಲ ಹಿಡೀತಾನಲ್ಲ, ಆಗ ನನ್ನ ಬಾಯಾಗ ಮಣ್ಣ ಬೀಳ್ಲಿ ಅನಸ್ತೈತಿ.”

ನಾನು ಬರೆದುಕೊಂಡೆ. ಆದರೆ ಕ್ಲಾಸಿನಲ್ಲಿ ಓದುವ ಮೊದಲು ಕೈ ತಡೆಯಲಿಲ್ಲ, ಇನ್ನೊಂದು ಹಾಳೆಗೆ ಫೇರ್ ಮಾಡಿದೆ. ಅವಳ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ತಿಳಿದಿದ್ದೆ. ಪತಿಯ ಸೇವೆಯಲ್ಲಿ ನಾನು ದಣಿದಿದ್ದೇನೆ, ಆದರೂ ದೇವರ ದಯೆಯಿಂದ ಅವರು ಗುಣಮುಖರಾಗುವರೆಂಬ ಭರವಸೆ ಇದೆ ಎಂದು ಗಟ್ಟಿಯಾಗಿ ಓದಿದೆ. ಅವಳು ಬಾಯಿಗೆ ಸೆರಗು ಹಚ್ಚಿಕೊಂಡು ಪೂರ್ತಿ ಕೇಳಿದಳು.

“ಈಕಿ ಯಾರ್ರೀ ಅಮ್ಮಾರ? ಭಾಳ ಛಲೋ ಹೆಣ್ಮಗಳ ಇದ್ದಾಳ. ನಾ ಅಂತೂ ಅಲ್ಲ.”

ಕೌನ್ಸೆಲರಿಗೆ ಕನ್ನಡ ತಿಳಿಯಲಿಲ್ಲ, ತಿಳಿದವಳು ನಾನೊಬ್ಬಳೇ. ನಾಚಿಕೆಯಾಗಿ ಹಾಳೆ ಮಡಚಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ, ಮೆಲ್ಲಗೆ ಕೇಳಿದಳು, “ನಿಮ್ಮ ಮಗಳಿಗೂ ಹಿಂಗ ಹೇಳ್ತೀರೇನು?”

ಅವಳ ರಫ್ ಹಾಳೆಯನ್ನು ಅವಳಿಗೆ ಕೊಟ್ಟೆ. ಓದಲು ಬಾರದಿದ್ದರೂ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಬುಧವಾರ ಕ್ಲಾಸಿರಲಿಲ್ಲ. ಲಿಫ್ಟಿನ ಎದುರಿನ ಬೆಂಚಿನಲ್ಲಿ ಕೂತು ನಾನೇ ಹತ್ತು ನಿಮಿಷ ಬರೆದೆ. ಮೊದಲು ಡಿಯರ್ ಎಂದು ಬರೆದೆ, ಕೈ ಮುಂದೆ ಹೋಗಲಿಲ್ಲ. ಹಾಳೆ ತಿರುವಿ ಕನ್ನಡದಲ್ಲಿ ಶುರುಮಾಡಿದೆ. ಅಕ್ಷರ ಸೊಟ್ಟ, ತಪ್ಪುಗಳು ಎಷ್ಟೋ. ಆ ಹಾಳೆಗೆ ಇನ್ನೊಂದು ತೊಂದರೆಯಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೆ ದಿಂಬಿನ ಕೆಳಗಿಟ್ಟು ಹೊರಗೆ ಬಂದುಬಿಡುತ್ತಿದ್ದೆ, ಜೀವನವಿಡೀ ಡಬ್ಬಿಯಲ್ಲಿ ಚೀಟಿ ಇಟ್ಟು ಬಂದ ಹಾಗೆ. ಇದನ್ನು ಅವಳು ಓದಲಾರಳು. ಎದುರಿಗೆ ಕೂತು ನಾನೇ ಓದಬೇಕು.

ಒಂದು ಗಂಟೆಗೆ ಬಾಗಿಲು ತೆರೆದರು. ಹೋಗಿ ಸ್ಟೂಲು ಎಳೆದು ಕೂತೆ. ಅವಳು ಗೋಡೆಯ ಕಡೆಗಿದ್ದಳು. ಬೆನ್ನಿಗೇ ಓದಿದೆ.

ನಿನ್ನ ಟಿಫಿನ್ ಡಬ್ಬಿ ಇನ್ನೂ ಶೆಲ್ಫಿನ ಮ್ಯಾಲ ಅದ
ಮುಚ್ಚಳ ಎಲ್ಲಿ ಹೋತೋ ಗೊತ್ತಿಲ್ಲ
ಮನಿಗೆ ಹೋಗೂಣು ಅಂದಿ
ನನಗ ಕೇಳಿಸ್ತು
ಕೇಳಿಸದವರಗತೆ ಚಾದರ ಝಾಡಿಸಿದೆ
ಬ್ರೇವ್ ಆಗು ಅಂತ ನಿನಗ ಬರದದ್ದೆಲ್ಲಾ
ಅಂಜಿಕಿಯಿಂದ ಬರದದ್ದು
ನೀ ಹೋದ ಮ್ಯಾಲ ಕುಕ್ಕರಿಗೆ ಎಷ್ಟು ಅಕ್ಕಿ ಹಾಕಬೇಕು
ಅದೂ ನನಗ ತಿಳಿಯೂದಿಲ್ಲ

ಪಕ್ಕದ ಬೆಡ್ಡಿನವರ ಮೊಬೈಲಿನಲ್ಲಿ ಯಾರೋ ಆರತಿ ಹಾಡುತ್ತಿದ್ದರು. ನನಗೆ ಹಗುರವಾಗಲಿಲ್ಲ, ಅದನ್ನು ಸ್ಪಷ್ಟ ಹೇಳಬೇಕು. ಹೇಳಬಾರದ್ದನ್ನು ಹೇಳಿದೆ, ಹೋಗುತ್ತೀ ಎಂದು ಮಗಳಿಗೇ ಹೇಳಿದ ತಾಯಿ ನಾನು ಎನಿಸಿತು.

ಅವಳು ಹೊರಳಿದಳು. ಬಹಳ ಹೊತ್ತು ಹಿಡಿಯಿತು. ಮುಖದಲ್ಲಿ ಕಣ್ಣೊಂದೇ ಉಳಿದಿತ್ತು.

“ಅರ್ಧ ಕಪ್, ಮಮ್ಮಿ. ಯೂ ಆಲ್ವೇಸ್... ಭಾಳ ಹಾಕ್ತಿ ನೀ.”

ಆಮೇಲೆ ಕೇಳಿದಳು, “ಮನಿಗೆ?”

ಹೂಂ ಎಂದೆ. ಇಷ್ಟಕ್ಕೆ ನನಗೆ ಎಪ್ಪತ್ತೈದು ವರ್ಷ ಬೇಕಾಯಿತು.

ಗುರುವಾರ ನರ್ಸ್ ಫಾರ್ಮ್ ತಂದಾಗ ನಾನು ಪೆನ್ನು ಮುಟ್ಟಲಿಲ್ಲ. ಬೇಡ ಎಂದು ಅವಳೇ ಹೇಳಿದಳು. ಹೈವೇಯ ಟ್ರಾಫಿಕ್ಕಿನಲ್ಲಿ ಆ್ಯಂಬುಲೆನ್ಸ್ ಮಲಾಡ್ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಮನೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ದಿನಾ ಬೆಳಿಗ್ಗೆ ರಫ್ ಬುಕ್ ಓದು ಎನ್ನುತ್ತಿದ್ದಳು, ನಾನು ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದೆ. ಒಂದೊಂದು ಸಾಲಿಗೆ ನಕ್ಕಳು. ಒಂದು ದಿನ, ಇದು ಸುಳ್ಳು ಎಂದಳು, ಸುಳ್ಳೇ ಆಗಿತ್ತು. ಕೊನೆಯ ಐದು ದಿನ ಕೇಳಿಸುತ್ತಿತ್ತೋ ಇಲ್ಲವೋ, ಓದಿದೆ.

ಆ ಕೌನ್ಸೆಲರ್ ಹುಡುಗಿ ಈಗಲೂ ಮೆಸೇಜ್ ಕಳಿಸುತ್ತಾಳೆ. ಹೊಸಬರ ಎದುರು ಬಂದು ನಿಮ್ಮ ಹೀಲಿಂಗ್ ಬಗ್ಗೆ ನಾಲ್ಕು ಮಾತಾಡಿ ಆಂಟಿ ಎನ್ನುತ್ತಾಳೆ. ಏನೆಂದು ಆಡಲಿ? ಬೆಳಿಗ್ಗೆ ಎದ್ದು ಬರೆಯುತ್ತೇನೆ. ಬರೆದದ್ದನ್ನು ಖಾಲಿ ಮಂಚಕ್ಕೆ ಓದುತ್ತೇನೆ. ಆಮೇಲೆ ಕುಕ್ಕರಿಗೆ ಅರ್ಧ ಕಪ್ ಅಕ್ಕಿ ಹಾಕುತ್ತೇನೆ, ಅವಳು ಹೇಳಿದಷ್ಟೇ. ಅದೂ ಉಳಿಯುತ್ತದೆ.